ಬಂದ ಉದ್ದೇಶ

ಮೈದನಹಳ್ಳಿಯ ಹುಲ್ಲುಗಾವಲಿಗೆ ಗೋಡೆಯಿಲ್ಲ.
ಒಂದು ಕಬ್ಬಿಣದ ಗೇಟಿದೆ, ಅದರ ಎರಡೂ ಪಕ್ಕ ಬಯಲು.
ಸುತ್ತಿ ಒಳಗೆ ಹೋದರೆ ಕೇಳುವವರಿಲ್ಲ,
ಆದರೂ ಎಲ್ಲರೂ ಗೇಟಿನಲ್ಲೇ ನಿಲ್ಲುತ್ತಾರೆ,
ವಾಚರ್ ರಂಗಶಾಮಣ್ಣನ ರಿಜಿಸ್ಟರಿಗೆ ಬಗ್ಗುತ್ತಾರೆ:
ಹೆಸರು, ಊರು, ಗಾಡಿ ನಂಬರು,
ಬಂದ ಉದ್ದೇಶ.

ನಾನು ಬರೆದೆ: ಪಕ್ಷಿ ವೀಕ್ಷಣೆ.
ಮೇಲಿನ ಸಾಲುಗಳಲ್ಲೂ ಅದೇ.
ಒಬ್ಬರು ಮಾತ್ರ 'ಸುಮ್ನೆ' ಅಂತ ಬರೆದಿದ್ದರು.
ಪೆನ್ನು ಕದುರಪ್ಪಮಾವನ ಕೈಗೆ ಹೋಯಿತು.
ಎಡಗೈ ಹೆಬ್ಬೆರಳ ಮೇಲೆ ಇನ್ನೂ ಇದೆ
ಕುದುರೆಕೂದಲ ಉರುಲು ಎಳೆದೆಳೆದು ಬಿದ್ದ ಗೆರೆ.
'ಏನಂತ ಬರೀಲಮ್ಮಿ?
ಈ ಬಯಲಿಗೆ ನಾನು ಯಾವತ್ತೂ
ನೋಡಾಕೆ ಅಂತ ಬಂದೋನಲ್ಲ.'

ರಂಗಶಾಮಣ್ಣ ತಲೆಯೆತ್ತಲಿಲ್ಲ. ಅವನಿಗೆ ಗೊತ್ತು.
ಅವನಪ್ಪನೂ ನಮ್ಮ ಮಾವನೂ
ಒಂದೇ ಹೆಡಿಗೆಯಲ್ಲಿ ಗೌಜಲು ತುಂಬಿ
ಮೇಲೆ ಹೊಂಗೆಸೊಪ್ಪು ಮುಚ್ಚಿ ಸಂತೆಗೆ ಒಯ್ದವರು,
ಕೆರೆ ಕೋಡಿ ಬಿದ್ದ ವರ್ಷ ಕೂಳಿ ಇಟ್ಟು
ಕೊರವನ ಮೀನು ಸಮಪಾಲು ಮಾಡಿದವರು.
'ಖಾಲಿ ಬಿಡು ಕದುರಣ್ಣ,' ಅಂದ, 'ಆಮೇಲೆ ನೋಡನ.'

ನಾನು ಬೈನಾಕ್ಯುಲರ್ ಹೊಂದಿಸುವಷ್ಟರಲ್ಲಿ
ಮಾವ ಒಂದು ಚಿಟಿಕೆ ಮಣ್ಣು ಉದುರಿಸಿ ಗಾಳಿ ನೋಡಿದ್ದ,
ಚಪ್ಪಲಿ ಕಳಚಿ ಕಂಕುಳಿಗೆ ಸೇರಿಸಿದ್ದ.
'ಬಿಳೀ ಅಂಗಿ ತೊಟ್ಕಂಡು ಬಂದಿದೀಯಲ್ಲೇ,
ನಿನ್ನ ನೋಡಾಕೆ ಗಂಡಿನ ಕಡೇರು ಬಂದವ್ರಾ?'

ದೂರದಲ್ಲಿ ಕರಿಗಂಡು, ತಿರುಚಿದ ಕೊಂಬು;
ಉಳಿದವು ಹುಲ್ಲಿನದೇ ಬಣ್ಣ.
ನಾನು ಎಣಿಸಿದ್ದು ಹದಿನಾಲ್ಕು.
'ಹದಿನೇಳು. ಮೂರು ಮಲಗವೆ.'
ಎಲ್ಲಿ ಅನ್ನುವಾಗ ಹುಲ್ಲೊಳಗೆ ಒಂದು ಕಿವಿ ಅಲುಗಿತು,
ಆಮೇಲೆ ಇನ್ನೆರಡು.

ಯಾವ ಯಾವ ದೇಶ ದಾಟಿಯೋ ಬಂದ ಸೆಳೆವವೊಂದು
ತೆನೆಯ ತುದಿ ತಾಕುವಂತೆ ತಗ್ಗಿ ಹೋಯಿತು,
ಕಣದಲ್ಲಿ ಕೈಯಾಡಿಸಿ ಕಳೆದ ಮೂಗುತಿ ಹುಡುಕುವ ಹಾಗೆ.
ಅದಕ್ಕೆ ಉದ್ದೇಶ ಇತ್ತು. ಯಾರೂ ಕೇಳಲಿಲ್ಲ.

ಬಿಸಿಲೇರಿತು.
'ಗೌಜಲು ಒಂದೂ ಸಿಗಲಿಲ್ಲ ಮಾವ,' ಅಂದೆ.
ಮಾವ ಗಕ್ಕನೆ ನಿಂತ.
'ಸಿಕ್ಕಿದ್ರೆ ಏನ್ ಮಾಡ್ತೀಯ?'
'ಬರ್ಕೋತೀನಿ.'
ಅದನ್ನು ಬಾಯೊಳಗೆ ಹೊರಳಿಸಿ ನೋಡಿದ,
ಕಲ್ಲು ಸಿಕ್ಕ ಅನ್ನದ ಹಾಗೆ.

ಜಾಲಿಯ ಮರೆಗೆ ಕುಕ್ಕರುಗಾಲಲ್ಲಿ ಕೂತ.
ತುಟಿಗೆ ಎರಡು ಬೆರಳು. ಟಿತ್ತೀ-ಟಿತ, ಟಿತ್ತೀ-ಟಿತ.
ನನ್ನ ಪಕ್ಕದಲ್ಲೇ ಇದ್ದವನ ದನಿ
ಎಲ್ಲೋ ಆಚೆ ಬದುವಿನಿಂದ ಬಂತು.
ಮೂರನೆಯ ಸಲಕ್ಕೆ ಬಯಲು ಉತ್ತರ ಕೊಟ್ಟಿತು.

ಓಡಿ ಬಂತು. ಒಲವಿಗಲ್ಲ, ಜಗಳಕ್ಕೆ:
ನನ್ನ ಜಾಗದಲ್ಲಿ ಯಾವನವನು ಕೂಗೋನು ಅಂತ.
ಕತ್ತಿನಲ್ಲಿ ಕಾಡಿಗೆ ಎಳೆದಂಥ ಸಣ್ಣ ಮಾಲೆ,
ಹಿಂಗಾಲಿನ ಮುಳ್ಳು, ಉಬ್ಬಿದ ಎದೆ.
ಮೂರು ಮೊಳ. ಅಷ್ಟು ಹತ್ತಿರದ್ದು
ಬೈನಾಕ್ಯುಲರಿಗೆ ಕಾಣುವುದಿಲ್ಲ.
ಆಗ ನೋಡಿದೆ ಮಾವನ ಎಡಗೈ:
ಮಣ್ಣಿನ ಮೇಲೆ ಹರಿದು ಹೋಗಿ
ಇಲ್ಲದ ದಾರವೊಂದನ್ನು ಹಿಡಿದು
ಎಳೆಯಿತು.

ಗೌಜಲು ಅತ್ತಿತ್ತ ನೋಡಿತು, ಎದುರಾಳಿ ಕಾಣಲಿಲ್ಲ,
ಒಂದು ಗೆದ್ದಲು ಹೆಕ್ಕಿ ತಿಂದು
ಗೆದ್ದವನಂತೆ ಹೊರಟುಹೋಯಿತು.
ಮಾವನ ಮುಷ್ಟಿ ಬಿಚ್ಚಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.
'ಮೋಸ ಹೋತು,' ಅಂದ.
ಯಾರು ಅಂತ ನಾನು ಕೇಳಲಿಲ್ಲ.
ಬರೆದುಕೊಂಡೆ: ಗೌಜಲು, ಒಂದು.

ಗೇಟಿನಲ್ಲಿ ರಂಗಶಾಮಣ್ಣ ಖಾಲಿ ಜಾಗ ತೋರಿಸಿದ.
ಮಾವ ಅಕ್ಷರ ಕೂಡಿಸಿ ಕೂಡಿಸಿ ಬರೆದ:
ಮಾತಾಡಿಸಿಕೊಂಡು ಹೋಗಾಕೆ.
'ಹಿಂಗೆಲ್ಲ ಬರದ್ರೆ ರೇಂಜರು ಬಯ್ತಾರೆ ಕಣಣ್ಣ,'
ರಂಗಶಾಮಣ್ಣ ಅದರ ಮೇಲೆ ಗೆರೆ ಎಳೆದು
ಪಕ್ಕದಲ್ಲಿ, ತನ್ನ ದುಂಡನೆಯ ಅಕ್ಷರದಲ್ಲಿ,
ಪಕ್ಷಿ ವೀಕ್ಷಣೆ.

ಮಾವ ಅಷ್ಟರಲ್ಲಿ ಕಲ್ಲಿನ ಮೇಲೆ ಕೂತು
ಹಿಮ್ಮಡಿಯಿಂದ ಜಾಲಿಮುಳ್ಳು ಕೀಳುತ್ತಿದ್ದ.
ಕಿತ್ತದ್ದನ್ನು ಬಿಸಿಲಿಗೆ ಹಿಡಿದು ನನ್ನ ಕಡೆ ಚಾಚಿದ.
'ತಗಾ. ಇದೂ ಒಂದು ಸಿಕ್ತು.'