ಮೊಳ

ಚಾಮರಾಜಪೇಟೆಯ ಮೋರಿ ಕಲ್ಲಿನ ಮೇಲೆ
ಕನಕಾಂಬರದ ಬುಟ್ಟಿ ಉಳಿಸಲು ಹೋಗಿ ನಾನು ಬಿದ್ದೆ.
ಬುಟ್ಟಿಗೆ ಏನೂ ಆಗಲಿಲ್ಲ.
ಡಾಕ್ಟರು ಮೊಣಕೈಯಿಂದ ಬೆರಳ ಬುಡದವರೆಗೆ
ಬಿಳಿ ಗೋಡೆ ಕಟ್ಟಿ, ಆರು ವಾರ, ಅಂದರು.
ಅಂದರೆ ನನ್ನ ಅಳತೆಗೋಲಿಗೆ ಆರು ವಾರ ರಜೆ.

ಒಂದು ದಿನ ಎಡಗೈಯಲ್ಲಿ ಅಳೆದು ನೋಡಿದೆ.
‘ಕೊಟ್ರೇಶಣ್ಣ, ಮೊಳ ಯಾಕೋ ಗಿಡ್ಡ ಆಗೈತಲ್ಲ?’
ಟೀಚರಮ್ಮ ಮಾಲೆಯನ್ನು ತೂಗಿದಂತೆ ಹಿಡಿದರು.
ಎರಡೂ ಕೈ ನನ್ನವೇ ತಾಯಿ
ಎಂದು ಬಾಯಿಗೆ ಬಂದದ್ದನ್ನು ನುಂಗಿ
ಮರುದಿನ ಅಕ್ಕ ಹಾಲಮ್ಮನನ್ನು ಅಂಗಡಿಗೆ ಕೂರಿಸಿದೆ.

ಸಂಜೆ ಐದು.
ಹದಿನಾರು ವರ್ಷದ ಮೇಲೆ ಮೊದಲ ಸಲ
ಐದು ಗಂಟೆಯ ಬೀದಿಯಲ್ಲಿ ಬರಿಗೈಲಿ ನಿಂತೆ.

ಯಾರೂ ನನ್ನನ್ನು ತಡೆದಿರಲಿಲ್ಲ.
ಜಗಳವಿಲ್ಲ, ಆಣೆಯಿಲ್ಲ, ಬೇಸರವೂ ಇರಲಿಲ್ಲ.
ಮಲ್ಲಿಗೆ ಬಾಯಿ ಬಿಡುವ ಹೊತ್ತಿಗೇ
ಮೈದಾನದಲ್ಲಿ ರುದ್ರಮುನಿ ಮೇಷ್ಟ್ರು ಸೀಟಿ ಊದುತ್ತಿದ್ದರು.
ಒಂದರಲ್ಲಿ ಅಕ್ಕಿ ಇತ್ತು.
ಅತ್ತ ಹೋದೆ.

ಆಡಿದವನಲ್ಲ ನಾನು. ಎತ್ತರ ಐದಡಿ ಮೂರಂಗುಲ.
ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ
ಸ್ಕೋರು ಬರೆಯುವವನು, ಒರೆಸುವವನು,
ಭದ್ರಾವತಿಯವರ ಎದುರು ಒಂದೇ ಪಾಯಿಂಟಿಗೆ ಗೆದ್ದ ರಾತ್ರಿ
ಒರೆಸದೆ ಮನೆಗೆ ಹೋದವನು.

ಕೋರ್ಟು ಈಗ ನೀಲಿ. ನಮ್ಮ ಕೆಮ್ಮಣ್ಣು ಎಲ್ಲಿ ಹೋಯಿತೋ.
ಮಂಡಕ್ಕಿ ಭಟ್ಟಿಗಳ ಹೊಗೆ ಮಾತ್ರ
ಹಳೇ ಪಾಸು ತೋರಿಸಿದವರ ಹಾಗೆ ಒಳಗೆ ಬಂದು
ಕಂಬದ ಹಿಂದೆ ಅದೇ ಜಾಗದಲ್ಲಿ ನಿಂತಿತ್ತು.
ಹುಡುಗಿಯರ ಪ್ರಾಕ್ಟೀಸು.
ನೋಡುತ್ತ ನೋಡುತ್ತ, ನೆಲದಲ್ಲಿ ಏನೋ ತಪ್ಪಿದೆ ಅನ್ನಿಸಿತು.
ಕಂಬದ ಬುಡದಲ್ಲಿ ಒಂದು ಮೊರ ಇರಬೇಕಿತ್ತು,
ಅಗಲ ಬಾಯಿ ಗೋಡೆ ಕಡೆಗೆ.
ಅಲ್ಲೀಗ ಬಾಗಿಲೊಂದನ್ನು ಕಿತ್ತು ಮಲಗಿಸಿದ್ದಾರೆ.

ಚೆಂಡು ಹೆಕ್ಕುವ ಹುಡುಗ ಇಮ್ದಾದ್, ಹನ್ನೊಂದು ವರ್ಷ,
ನನಗೆ ಪಾಠ ಮಾಡಿದ.
‘ನಾವೇ ಹೊಡ್ದು, ರಿಂಗಿಗೆ ತಾಗಿ, ನಮ್ಮ ಕೈಗೇ ಬಂದ್ರೆ
ಇಪ್ಪತ್ನಾಕು ಸೆಕೆಂಡ್ ಇಲ್ಲ ಅಂಕಲ್, ಹದಿನಾಕೇ.’
ಯಾವಾಗಿನಿಂದ?
‘ಯಾವಾಗ್ಲೂ ಹಂಗೇ.’
ನಮ್ಮ ಕಾಲಕ್ಕೆ ಸೆಕೆಂಡು ಎಣಿಸುತ್ತಿದ್ದವರು ಮೇಷ್ಟ್ರು.
ಅವರಿಗೆ ಎಲೆ ಅಡಿಕೆ ಉಗುಳುವುದಿದ್ದರೆ
ಸೆಕೆಂಡೂ ಕಾಯುತ್ತಿತ್ತು.

ಆಮೇಲೆ ಆ ಉದ್ದನೆಯ ಹುಡುಗಿ, ಜೆರ್ಸಿ ಹದಿನೈದು,
ಆರಡಿಗೆ ಒಂದೆರಡು ಬೆರಳು ಕಮ್ಮಿ,
ರಿಂಗಿನ ಕೆಳಗೆ ಬೇರೂರಬೇಕಾದವಳು
ಹೊರಗೆ ಬಂದಳು, ಇನ್ನೂ ಹೊರಗೆ,
ಮೂರರ ಗೆರೆಯ ಆಚೆಗೆ, ಅಲ್ಲಿಂದ ಎಸೆದಳು.
ಬಲೆ ಮಿಸುಕಲೂ ಇಲ್ಲ.
ಮೇಷ್ಟ್ರು ಬಯ್ಯುತ್ತಾರೆಂದು ನಾನು ಸೀಟಿಗೆ ಕಾದೆ.
ಕೋಚಮ್ಮ ಚಪ್ಪಾಳೆ ತಟ್ಟಿದಳು.

ನೀರು ಕುಡಿಯಲು ಬಿಟ್ಟಾಗ ಹೋಗಿ ಬಗ್ಗಿ ನೋಡಿದೆ.
ನೀಲಿಯ ಅಡಿಯಿಂದ ಹಳೆಯ ಗೆರೆ
ಸರಿಯಾಗಿ ಒಣಗದ ಗಾಯದಂತೆ ಇಣುಕುತ್ತಿದೆ,
ಹೊಸದು ಅದರ ಆಚೆಗೆ.
ಹಳೆಯದರ ಮೇಲೆ ಎಡ ಮೊಣಕೈ ಊರಿ ಬೆರಳು ಚಾಚಿದೆ.
ಮೂರು ಬೆರಳು ಕಡಿಮೆ ಬಿತ್ತು.
ಟೀಚರಮ್ಮ ಹೇಳಿದ್ದು ಸುಳ್ಳಲ್ಲ.

ರಾತ್ರಿ ಪರ್ವೇಜನಿಗೆ ಫೋನು ಮಾಡಿದೆ.
ನಮ್ಮ ತಂಡದ ತೆಂಗಿನಮರ; ಈಗ ರಾಣೆಬೆನ್ನೂರಲ್ಲಿ ಟೈರಿನ ಅಂಗಡಿ.
ಎತ್ತರದವರೂ ಈಗ ಹೊರಗಿನಿಂದಲೇ ಹೊಡೀತಾರೆ ಕಣೋ,
ಯಾರೂ ಏನೂ ಅನ್ನಲ್ಲ, ಎಂದೆ.
ಆ ಕಡೆ ಒಂದು ಲಾರಿ ಗಾಳಿ ಬಿಟ್ಟ ಸದ್ದು.
ಅವನು ಒಮ್ಮೆ, ಒಂದೇ ಒಂದು ಸಲ, ಹಾಗೆ ಹೊಡೆದಿದ್ದ,
ಹೊಕ್ಕಿತ್ತು ಕೂಡ,
ಮೇಷ್ಟ್ರು ಹತ್ತು ಸುತ್ತು ಓಡಿಸಿದ್ದರು.
‘ಹಂಗಾದ್ರೆ,’ ಅಂದ ಪರ್ವೇಜ,
‘ನನ್ನ ಹತ್ತು ಸುತ್ತು ವಾಪಸ್ ಕೊಡ್ಸೋ.’

ಐದನೇ ವಾರ ನಡೀತಿದೆ.
ಹಾಲಮ್ಮನ ಮೊಳ ನನ್ನ ಎಡಗೈಗಿಂತಲೂ ಗಿಡ್ಡ,
ಆದರೂ ಏಳಕ್ಕೆಲ್ಲ ಬುಟ್ಟಿ ಖಾಲಿ.
ಗುರುವಾರ ಹರಿಹರದವರ ಜೊತೆ ಮ್ಯಾಚು.
ಕೈ ಇನ್ನೂ ನೋಯ್ತದೆ
ಎಂದು ಅವಳಿಗೆ ಹೇಳಿಟ್ಟಿದ್ದೇನೆ.