ಹಾಳಮಣ್ಣು

ಜತ್ತದಿಂದ ಉಮದಿಗೆ ಹೋಗುವ ಬಸ್ಸಿಳಿದು
ಎರಡು ಮೈಲು ನಡಿಗೆ.
ದಾರಿಗಲ್ಲಿನ ಒಂದು ಮಗ್ಗುಲಿಗೆ ಮರಾಠಿ,
ಇನ್ನೊಂದಕ್ಕೆ ಯಾರೋ ಇದ್ದಿಲಲ್ಲಿ ಗೀಚಿದ ಕನ್ನಡ ಅಂಕಿ.
ಎರಡೂ ಒಂದೇ ದೂರ ಹೇಳುವುದಿಲ್ಲ.

ವಾಡೆಯ ಮುಂದೆ ಆಗಲೇ ಟ್ರ್ಯಾಕ್ಟರು ನಿಂತಿತ್ತು.
ಸಿದರಾಯ ಗುದ್ದಲಿಯನ್ನು ಗೋಡೆಗೆ ಒರಗಿಸಿ
ನನ್ನ ಚೀಲ ನೋಡಿದ, ಟೇಪು ನೋಡಿದ.
‘ಸರಕಾರದಾವರೇನ್ರಿ?’
ಅಲ್ಲ.
‘ಮತ್ತ ಇದನ್ಯಾಕ ಅಳೀತೀರಿ?’
ಬಿದ್ದುಹೋಗುವ ಮೊದಲು ನಕ್ಷೆ ಬರೆದಿಡಬೇಕು, ಅಂದೆ.
‘ಬೀಳೂದಿಲ್ರಿ ಇದು. ನಾ ಒಯ್ಯಾಂವ.’

ಸಾಂಗಲಿಯಲ್ಲಿರುವ ವಾರಸುದಾರರು
ಕಲ್ಲು ಬೇರೆ, ಕಟ್ಟಿಗೆ ಬೇರೆ, ಮಣ್ಣು ಬೇರೆ ಮಾರಿದ್ದಾರೆ.
ಮಣ್ಣು ಇವನ ಪಾಲಿಗೆ, ಟ್ರಾಲಿಗೆ ಏಳುನೂರು.
ಇನ್ನೂರು ವರ್ಷ ಮಂದಿ ಉಂಡು, ಉಗುಳಿ, ದನ ಕಟ್ಟಿ,
ಬಾಣಂತಿಗೆ ನೀರೆರೆದು, ಹೊಗೆ ಕುಡಿಸಿ
ಬೆಳ್ಳಗಾದ ಮಣ್ಣು.
ಎರಿ ಹೊಲಕ್ಕೆ ಹರವಿದರೆ ಜೋಳ ಆಳು ಮುಳುಗಿಸುತ್ತದಂತೆ.

ಟೇಪಿನ ಒಂದು ತುದಿ ಅವನೇ ಹಿಡಿದ.
ಅಂಗಳ ಇಪ್ಪತ್ತೆರಡು ಅಡಿ ನಾಲ್ಕು ಅಂಗುಲ,
ತಿರುಗಿ ಅಳೆದರೆ ಇಪ್ಪತ್ತೊಂದೂವರೆ.
ಒಂದು ಮೂಲೆಯೂ ನನ್ನ ಮೂಲೆಮಟ್ಟಕ್ಕೆ ಕೂಡಲೊಲ್ಲದು.
ಮಾಡದ ಕೆಳಗೆ ಸುಣ್ಣದ ಬೊಟ್ಟು, ಐದೈದರ ಗುಂಪು,
ಯಾರದೋ ಹಾಲಿನ ಲೆಕ್ಕ.
ಕಡೆಯ ಗುಂಪಿನಲ್ಲಿ ಮೂರೇ.
ಮೂರನ್ನೂ ಬರೆದುಕೊಂಡೆ.

ಪಡಸಾಲೆ ಎಲ್ಲಿತ್ತು, ಕೇಳಿದೆ.
‘ಅದನ್ನ ಮೊದಲ ತಗದೆ.’
ಕಟ್ಟೆಯ ಗುರುತಷ್ಟೇ ಉಳಿದಿತ್ತು, ಹಲ್ಲು ಕಿತ್ತ ವಸಡಿನಂತೆ.
ಅವನು ಮುಂದೆ ಏನೂ ಹೇಳಲಿಲ್ಲ.
ಅಂಗಳದ ನಡುವಿನ ಹಾಸುಗಲ್ಲು ಸರಿಸಿ
ಹಗ್ಗಕ್ಕೆ ಕಂದೀಲು ಕಟ್ಟಿ ಹಗೇವಿಗೆ ಇಳಿಬಿಟ್ಟ.
ಆರಿದರೆ ಮನುಷ್ಯ ಇಳಿಯಬಾರದು.
ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು.
ಉರಿ ಸಣ್ಣದಾಯಿತು, ಮತ್ತೆ ನಿಂತಿತು.

‘ನಮ್ಮ ಆಯಿ ಸತ್ಯವ್ವ ಇದರಾಗ ಇಳೀತಿದ್ಳು
ಜೋಳ ತಗೀಲಾಕ. ಎಂಟು ವರ್ಷದ ಹುಡುಗಿ,
ಬಾಯಿ ಸಣ್ಣದು, ದೊಡ್ಡವರು ಹಿಡಸೂದಿಲ್ಲ.
ಆಗ ಕಂದೀಲು ಬಿಡತಿದ್ದಿಲ್ರಿ.
ಆಕಿನ್ನ ಬಿಡತಿದ್ರು.’

ಈ ಮನೆಯಲ್ಲಿ ಅವಳು ಕಂಡದ್ದು
ಅಂಗಳ, ಅಂಗಳದ ತಳ.

ಟೇಪು ಇಳಿಬಿಟ್ಟೆ. ಹದಿನಾರು ಅಡಿಗೆ ಸಡಿಲಾಯಿತು.
ನೆಲದಡಿ ಇರುವುದನ್ನು ನಕ್ಷೆಯಲ್ಲಿ
ತುಂಡುಗೆರೆಯಲ್ಲಿ ತೋರಿಸುವುದು ರೂಢಿ.
ಪೆನ್ಸಿಲು ಒತ್ತಿ, ಎಲ್ಲೂ ಕಡಿಯದೆ ಒಂದು ಸುತ್ತು ಎಳೆದೆ.
ತಪ್ಪೆಂದು ಗೊತ್ತಿತ್ತು.

ಮಧ್ಯಾಹ್ನ ಅವನ ಹೊಲದ ಬದುವಿನಲ್ಲಿ ಕೂತೆವು.
ಕರಿ ನೆಲದ ಮೇಲೆ ಬಿಳಿ ಗುಂಪೆಗಳು, ಇನ್ನೂ ಹರವಿಲ್ಲ.
ಬಳೆಚೂರು, ಒಂದು ಕವಡೆ, ಗಿಲಾವಿನ ಹೆಕ್ಕಳಿಕೆ.
‘ಯಾವ ಗುಂಪಿ ಯಾವ ಖೋಲಿ, ನನಗ ಗೊತ್ತದ,’ ಅಂದ.
‘ಅದು ದೇವರಮನಿ. ಇದು ಬಚ್ಚಲ.
ಆ ಮೂಲ್ಯಾಗಿಂದು ಪಡಸಾಲಿ.’
ನಕ್ಷೆ ಬಿಚ್ಚಿ, ಉತ್ತರ ಯಾವ ಕಡೆ, ಕೇಳಿದೆ.
ಬುತ್ತಿಯ ಗಂಟು ಬಿಚ್ಚುತ್ತಿದ್ದವನು
ರೊಟ್ಟಿ ಹಿಡಿದ ಕೈಯನ್ನೇ ಚಾಚಿ ತೋರಿಸಿದ.

ಹೋದ ವರ್ಷ ಹಿತ್ತಲ ಗೋಡೆ ಹಾಕಿದ ಪಟ್ಟಿಯ ಜೋಳ.
ಅಂಚು ಸುಟ್ಟಿತ್ತು.
ಎರಡು ತಿಂದೆ.