ಸುಗಂಧಾಮಾಯಿ

ಮೊದಲು ಹೋದದ್ದು ಕೈಯಲ್ಲ, ಮೂಗು.
ಬೈತಕೋಲ ಬಂದರಿನಲ್ಲಿ ನಿಂತು
ಒಣಮೀನಿನ ವಾಸನೆ ಬರಲಿಲ್ಲವೆಂದರೆ
ಯಾರು ನಂಬುತ್ತಾರೆ?
ಟರ್ಪೆಂಟೈನಿನ ಮುಚ್ಚಳ ತೆಗೆದು ಮೂಸಿದೆ.
ನೀರು.
ನೆಗಡಿ ಇರಬೇಕು ಅಂದಳು ಮಾಲಿನಿ.
ಎರಡು ವರ್ಷದ ನೆಗಡಿ.

ಆಮೇಲೆ ಹೆಬ್ಬೆರಳು
ಕಾಣದ ಬತ್ತಿ ಹೊಸೆಯತೊಡಗಿತು.
ಆಮೇಲೆ ಮುಖ. ನಕ್ಕರೆ
ನಕ್ಕಿದ್ದೇನೆಂದು ಬಾಯಿಬಿಟ್ಟು ಹೇಳಬೇಕು.

ಹುಬ್ಬಳ್ಳಿಯ ಡಾಕ್ಟರು ಸುರುಳಿ ಬರೆಯಿರಿ ಅಂದರು.
ಮೂವತ್ತೆಂಟು ವರ್ಷ
ಬೋಟಿನ ಮೈಮೇಲೆ ಹೆಸರು ಬರೆದವನಿಗೆ
ಸುರುಳಿ!
ಬರೆದೆ.
ಒಳಗಿಂದ ಹೊರಗೆ ಬರಬೇಕಾದದ್ದು
ಒಳಗೇ ಉಳಿಯಿತು, ಕಡಲೆಕಾಳಿನಷ್ಟು.
ಅವರದನ್ನು ಫೈಲಿಗೆ ಸೇರಿಸಿಕೊಂಡರು.

ಈಗ ಗೋಡೆಯ ಮೇಲೆ ಎರಡು ಪಟ್ಟಿ:
ಒಂದು ಭರತ ಇಳಿತದ್ದು,
ಒಂದು ಮಾತ್ರೆಯದು.
ಎಂಟಕ್ಕೆ ನುಂಗಿದರೆ ಎಂಟೂ ಮುಕ್ಕಾಲಿಗೆ ನೀರು ಏರುತ್ತದೆ,
ಹನ್ನೊಂದರ ಹೊತ್ತಿಗೆ ಕಾಲ್ಬೆರಳಿನಿಂದ ಇಳಿಯುತ್ತದೆ.
ನಡುವಿನ ಎರಡು ತಾಸು ನನ್ನವು.

ಹೊಸ್ತಿಲ ಬಳಿ ಕಾಲು ನಿಂತುಬಿಡುತ್ತಿತ್ತು,
ಮರಳಿಗೆ ಹತ್ತಿದ ದೋಣಿ.
ವ್ಯಾಯಾಮ ಹೇಳಿಕೊಡಲು ಬರುವ ಮಾಜಾಳಿಯ ರುಬೀನಾ
"ನೆಲಕ್ಕೆ ಅಡ್ಡಗೆರೆ ಎಳೆಯಿರಿ ಅಜ್ಜ,
ದಾಟಲಿಕ್ಕೆ ಏನಾದರೂ ಇದ್ದರೆ ಕಾಲಿಗೆ ನೆನಪಾಗುತ್ತದೆ" ಅಂದಳು.
ಗೆರೆ ಎಳೆಯುವುದನ್ನು ನನಗೆ ಹೇಳುತ್ತಾಳೆ!
ಉಳಿದ ಬೋಟಿನ ಬಣ್ಣದಲ್ಲಿ
ಮಂಚದಿಂದ ಬಾಗಿಲಿನವರೆಗೆ ಹದಿನೇಳು ಗೆರೆ,
ಹಳದಿ, ನೀಲಿ, ಮತ್ತೆ ಹಳದಿ.
ಬಗ್ಗಿ ಎಳೆಯುವಾಗ ಕಂಡಿತು:
ಸುಮ್ಮನಿಟ್ಟರೆ ಕುಣಿಯುವ ಕೈ
ಕುಂಚ ಹಿಡಿದರೆ ತಗ್ಗುತ್ತದೆ.
ಪೂರ್ತಿ ಅಲ್ಲ.
ಸಂತೆಯ ಗದ್ದಲದಲ್ಲಿ ಹೆಸರು ಹಿಡಿದು ಕರೆದರೆ
ತಿರುಗಿ ನೋಡುವ ಮಗುವಿನಷ್ಟು.

ನಡುಕವೇ ಅಲೆಯಾಯಿತು ಅಂತೆಲ್ಲ
ಯಾರಾದರೂ ಹೇಳಿದರೆ ನಂಬಬೇಡಿ.
ನಡುಕ ನಡುಕವೇ.
ಚಹಾ ಚೆಲ್ಲುತ್ತದೆ. ತೊಡೆ ಸುಡುತ್ತದೆ.

ಜುಲೈ ಕೊನೆ. ಮೀನುಗಾರಿಕೆ ಬಂದ್ ಮುಗಿಯಲು ಐದು ದಿನ.
ತಾಡಪತ್ರೆಯ ಕೆಳಗೆ ಬೋಟುಗಳು
ಹೊಸ ಬಣ್ಣ ಒಣಗಿಸಿಕೊಳ್ಳುತ್ತ ನಿಂತಿದ್ದವು.
ಈಗ ಹೆಸರೆಲ್ಲ ಸ್ಟಿಕ್ಕರಿನವನದು,
ಅರ್ಧ ಗಂಟೆಯಲ್ಲಿ ಅಂಟಿಸಿ ಹೋಗುತ್ತಾನೆ.
ಉಮಾಕಾಂತ ತಾಂಡೇಲ ಮಾತ್ರ ಮನೆಗೇ ಬಂದ.
"ನಮ್ಮ ಆಯಿಯ ಹೆಸರು.
ಅಂಟಿಸೋದಲ್ಲ, ಬರೆಯೋದು."
ಕೈ ತೋರಿಸಿದೆ.
"ಅಡ್ಡಿಲ್ಲ" ಅಂದ.

ಸುಗಂಧಾಬಾಯಿ. ಬುಟ್ಟಿ ಇಳಿಸಿ
ಎಣಿಕೆ ಮುಗಿದ ಮೇಲೂ ಒಂದು ಬಂಗಡೆ ಹಾಕುತ್ತಿದ್ದವಳು.

ಐದೇ ಅಕ್ಷರ.
ಸು, ಮೊಳದೆತ್ತರ.
ಗಂ, ಸೊನ್ನೆ ದುಂಡಗೆ ಬಂತು, ನನ್ನ ಹಳೆಯ ಸೊನ್ನೆ.
ಧಾ, ಗೇಣು. ಹೊಟ್ಟೆ ಸೀಳುವುದನ್ನು ಮರೆಯಲಿಲ್ಲ.
ಮಾ, ನಾಲ್ಕು ಬೆರಳು.
ಯಿ ಬರುವಷ್ಟರಲ್ಲಿ ಹನ್ನೊಂದಾಗಿತ್ತು.
ಮನಸ್ಸು ಮೊಳವೆಂದೇ ಬರೆಯುತ್ತಿದೆ,
ಕೈ ಉಗುರಿನಷ್ಟು ಕೊಡುತ್ತಿದೆ.

ಏಣಿಯಿಂದ ಇಬ್ಬರು ಹಿಡಿದು ಇಳಿಸಿದರು.
ಹಿಂದೆ ಸರಿದು ನೋಡಿದೆ.
ಹೆಸರು ನನ್ನಿಂದ ದೂರ ಹೋಗುತ್ತಿತ್ತು
ಕೂರ್ಮಗಡ ದಾಟುವ ಬೋಟಿನ ಹಾಗೆ.
ಅಳಿಸಿಬಿಡು ಮಾರಾಯ, ಸ್ಟಿಕ್ಕರಿನವನನ್ನೇ ಕರಿ ಅಂದೆ.

ಉಮಾಕಾಂತ ಬಹಳ ಹೊತ್ತು ಮಾತಾಡಲಿಲ್ಲ.
"ಕೊನೆಕೊನೆಗೆ ಆಯಿಯೂ ಹಾಗೇ ಆಗಿದ್ದಳು.
ಎತ್ತಿ ಕೂರಿಸಿದರೆ ತೂಕವೇ ಇರಲಿಲ್ಲ.
ಇರಲಿ."

ನಾನು ನಕ್ಕೆನೋ ಅತ್ತೆನೋ
ಮುಖಕ್ಕೆ ಗೊತ್ತಾಗಲಿಲ್ಲ.

ನಿನ್ನೆ ಇನಾಸ ಬಂದಿದ್ದ.
ಅವನಿಗೆ ಅಕ್ಷರವೆಲ್ಲ ಒಂದೇ ಅಳತೆಗೆ ಬೇಕು.
ಬೇಕಾದದ್ದೇ. ದುಡ್ಡು ಕೊಡುವವನು.
ದಿನಕ್ಕೊಂದೇ ಅಕ್ಷರ ಬರೆಯುತ್ತೇನೆ, ಎಂಟೂ ಮುಕ್ಕಾಲಿಗೆ,
ಆರಕ್ಷರಕ್ಕೆ ಆರು ದಿನ ಕೊಡು ಅಂದೆ.
ಕಡಲಿಗಿಳಿಯಲು ನಾಲ್ಕೇ ದಿನ.
ಬೆರಳು ಮಡಚಿ ಲೆಕ್ಕ ಹಾಕಿದ ಇನಾಸ
ಹಾಗಾದರೆ ಹೆಸರನ್ನೇ
ಮೂರಕ್ಷರಕ್ಕೆ ಇಳಿಸೋಣ ಅಂದ.

ಗಡಿಯಾರಕ್ಕೆ ಮಾಲಿನಿ ಹೊಸ ಸೆಲ್ ಹಾಕಿದ್ದಾಳೆ.
ಮಳೆ ಸ್ವಲ್ಪ ಬಿಟ್ಟಿದೆ.
ಹದಿನಾರು ಗೆರೆ ದಾಟಿದ್ದೇನೆ,
ಕುಂಚ ಜೇಬಿನಲ್ಲಿದೆ.